ಉಪ್ಪು, ಐಸು, ಕಾಗದ

ನಮ್ಮ ಕರಾವಳಿಯಲ್ಲಿ ಮೀನು ಕೊಳ್ಳಲು ಹೋದವರು ಮೊದಲು ದರ ಕೇಳೋದಿಲ್ಲ. "ಇದು ಯಾವಾಗಿನದ್ದು?" ಅಂತ ಕೇಳ್ತಾರೆ. ದರದ ಮಾತು ಆಮೇಲೆ. ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇವೆ, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ, ನಿಜ. ಆದರೆ ಬೆಳಿಗ್ಗೆ ಇದ್ದ ತೆಂಗಿನಕಾಯಿ ಸಂಜೆಗೂ ಅದೇ ತೆಂಗಿನಕಾಯಿ. ಮೀನಿನ ಕತೆ ಬೇರೆ. ಬೆಳಿಗ್ಗೆ ಏಳಕ್ಕೆ ಅದು ಒಂದು ಸಾಮಾನು, ಹನ್ನೊಂದಕ್ಕೆ ಇನ್ನೊಂದು, ಮಧ್ಯಾಹ್ನ ಮೂರರ ಹೊತ್ತಿಗೆ ತೆಂಗಿನಬುಡಕ್ಕೆ ಹಾಕುವ ಗೊಬ್ಬರ. ಜಾತಿ ಅದೇ, ತೂಕ ಅದೇ, ಹಿಡಿದವರ ಬೆವರೂ ಅಷ್ಟೇ. ಬದಲಾದದ್ದು ಗಡಿಯಾರ ಮಾತ್ರ.

ಗುಣಮಟ್ಟ ಅನ್ನೋ ಶಬ್ದ ಕಚೇರಿಯದ್ದು. ಮಾರ್ಕೆಟ್ಟಿನಲ್ಲಿ ಅದಕ್ಕೆ ಬೇರೆ ಭಾಷೆ ಇದೆ. ಕಣ್ಣು ಉಬ್ಬಿರಬೇಕು, ಗುಳಿ ಬಿದ್ದಿರಬಾರದು. ಕಿವಿರು ಕೆಂಪಗಿರಬೇಕು, ಕಂದು ತಿರುಗಿರಬಾರದು. ಬೆರಳಲ್ಲಿ ಒತ್ತಿದರೆ ಮಾಂಸ ವಾಪಸ್ ಮೇಲೆ ಬರಬೇಕು. ಬೂತಾಯಿ ಆದರೆ ಹೊಟ್ಟೆ ಒಡೆದಿರಬಾರದು. ಬಂಗುಡೆ ಆದರೆ ಬೆನ್ನಿನ ಮೇಲಿನ ಹಸಿರು-ನೀಲಿ ಮಿಂಚು ಮಾಸಿರಬಾರದು. ನಾನು ಕುಂದಾಪುರದ ಕಡೆಯವನು. ನಮ್ಮಲ್ಲಿ ಈ ಪರೀಕ್ಷೆಯೆಲ್ಲ ಎರಡೇ ಸಾಲಿನ ಮಾತಿನಲ್ಲಿ ಮುಗಿಯುತ್ತದೆ.

"ಅಕ್ಕ, ಇದ್ ನಿನ್ನಿದಾ?"

"ನಿನ್ನಿದಲ್ದ್ ಮಾರಾಯ್ರೆ, ಬೆಳಿಗ್ಗೆ ಬಂದದ್ದ್. ಕೆಮಿ ಎತ್ತಿ ಕಾಣಿ."

ಕೆಮಿ ಅಂದರೆ ಕಿವಿ. ಮೀನಿಗೆ ಅದು ಕಿವಿರಿನ ಮುಚ್ಚಳ. ಎತ್ತಿ ನೋಡಿದ ಮೇಲೆ ಚೌಕಾಸಿ ಶುರು. ಇಲ್ಲಿ ಮಾರುವವಳಿಗೂ ಕೊಳ್ಳುವವನಿಗೂ ಗೊತ್ತಿರುವ ವಿಷಯ ಒಂದೇ ಆದ್ದರಿಂದ ಮೋಸಕ್ಕೆ ಅಷ್ಟಾಗಿ ಜಾಗ ಇಲ್ಲ.

ಮೀನು ಇಷ್ಟು ಬೇಗ ಕೆಡುವುದಕ್ಕೆ ಕಾರಣ ಇದೆ. ಉಸಿರು ನಿಂತ ಕೂಡಲೇ ಅದರ ಹೊಟ್ಟೆಯೊಳಗಿನ ಜೀರ್ಣರಸಗಳೇ ಅದನ್ನು ಒಳಗಿನಿಂದ ಕರಗಿಸಲು ಶುರುಮಾಡುತ್ತವೆ. ಬೂತಾಯಿಯಂಥ ಎಣ್ಣೆಮೀನಿನ ಹೊಟ್ಟೆ ಒಡೆಯುವುದು ಹಾಗೆ. ಚರ್ಮದ ಮೇಲಿನ, ಕಿವಿರಿನ ಬ್ಯಾಕ್ಟೀರಿಯಾಗಳು ಉಳಿದ ಕೆಲಸ ಮಾಡುತ್ತವೆ. ನಾವು ಮೀನುವಾಸನೆ ಅಂತ ಮೂಗು ಮುಚ್ಚಿಕೊಳ್ಳುವುದು ಹೆಚ್ಚಾಗಿ ಈ ಬ್ಯಾಕ್ಟೀರಿಯಾಗಳು ತಯಾರಿಸಿದ ವಾಸನೆಯನ್ನು. ಆಗಷ್ಟೇ ಹಿಡಿದ ಮೀನಿಗೆ ಬರುವುದು ಕಡಲಿನ ವಾಸನೆ, ಅಷ್ಟೆ. ಬಂಗುಡೆ, ಕೇದರದಂಥ ಮೀನುಗಳಲ್ಲಿ ಇನ್ನೊಂದು ತೊಂದರೆ ಇದೆ. ಬಿಸಿಗೆ ಬಿಟ್ಟರೆ ಅವುಗಳಲ್ಲಿ ಹಿಸ್ಟಮಿನ್ ಹುಟ್ಟಿಕೊಳ್ಳುತ್ತದೆ. ಅದು ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದವರಿಗೆ ಮೈ ಕೆಂಪಾಗಿ ತುರಿಕೆ ಏಳುತ್ತದೆ. ಅಂದರೆ ಇಲ್ಲಿ ತಾಜಾತನ ಬರೀ ರುಚಿಯ ಮಾತಲ್ಲ, ಆರೋಗ್ಯದ್ದೂ ಹೌದು.

ಹಳೇ ಕಾಲದಲ್ಲಿ ಈ ಗಡಿಯಾರವನ್ನು ತಲೆಯ ಮೇಲೆ ಹೊತ್ತು ನಡೆದವರು ಮೀನುಗಾರ ಹೆಂಗಸರು. ಗಂಡಸರು ದೋಣಿ ದಡಕ್ಕೆ ತಂದರೆ ಅಲ್ಲಿಂದ ಮುಂದಿನದ್ದೆಲ್ಲ ಅವರದೇ. ಬುಟ್ಟಿ ತುಂಬಿಕೊಂಡು ಗದ್ದೆಯ ಅಂಚಿನಲ್ಲಿ ಮೈಲಿಗಟ್ಟಲೆ ಓಡುನಡಿಗೆ. ಮೊದಲ ಮನೆಗಳಲ್ಲಿ ಒಳ್ಳೆಯ ದರ, ಕೊನೆಯ ಮನೆಗಳಲ್ಲಿ ಸಿಕ್ಕಿದಷ್ಟು. ಕೆಲವು ಮನೆಯವರು ಬೇಕಂತಲೇ ತಡವಾಗಿ ಬಾಗಿಲು ತೆಗೆಯುತ್ತಿದ್ದರು ಅಂತ ಹಿರಿಯರು ನಗುತ್ತಾ ಹೇಳುವುದನ್ನು ಕೇಳಿದ್ದೇನೆ. ಮಧ್ಯಾಹ್ನ ಆದ ಮೇಲೆ ಅವಳು ಬುಟ್ಟಿಯನ್ನು ವಾಪಸ್ ಹೊತ್ತುಕೊಂಡು ಹೋಗುವ ಹಾಗಿಲ್ಲ ಅಂತ ಅವರಿಗೆ ಗೊತ್ತು. ಮೀನು ಹಾಳಾಗುವ ನಷ್ಟ ಪೂರ್ತಿ ಅವಳ ತಲೆಗೆ, ಕಡಿಮೆ ದರದ ಲಾಭ ಮನೆಯವರ ಅಡುಗೆಮನೆಗೆ.

ಮೀನಿನ ದರದ ಚರಿತ್ರೆ ಅಂದರೆ ನನ್ನ ಮಟ್ಟಿಗೆ ಈ ಗಡಿಯಾರವನ್ನು ನಿಲ್ಲಿಸುವ ಪ್ರಯತ್ನಗಳ ಚರಿತ್ರೆ. ಮೊದಲು ಉಪ್ಪು ಬಂತು, ಆಮೇಲೆ ಐಸು, ಕೊನೆಗೆ ಕಾಗದ. ಪ್ರತಿ ಸಲವೂ ಮೀನಿನ ಬೆಲೆ ಏರಿತು. ಪ್ರತಿ ಸಲವೂ ಆ ಏರಿದ ಬೆಲೆಯ ದೊಡ್ಡ ಪಾಲು ಗಡಿಯಾರ ನಿಲ್ಲಿಸುವ ಸಾಧನ ಯಾರ ಕೈಯಲ್ಲಿತ್ತೋ ಅವರಿಗೇ ಹೋಯಿತು. ಒಂದೊಂದಾಗಿ ನೋಡೋಣ.

ಮೊದಲು ಉಪ್ಪು. ಕೆನರಾ ಜಿಲ್ಲೆಯನ್ನು ಎರಡು ಮಾಡಿ 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಯಾವ ಕಡೆ ಇದ್ದರೂ ಉಪ್ಪಿನ ಮೇಲೆ ಸರಕಾರದ ತೆರಿಗೆ ತಪ್ಪಿದ್ದಲ್ಲ. ಎದುರಿಗೆ ಸಮುದ್ರ ಇದೆ, ಸಮುದ್ರದ ತುಂಬ ಉಪ್ಪಿದೆ, ಆದರೆ ಮೀನಿಗೆ ಹಾಕಲು ಉಪ್ಪು ಕೊಳ್ಳುವ ಶಕ್ತಿ ಮೀನುಗಾರನಿಗಿಲ್ಲ. ಬೂತಾಯಿ, ಬಂಗುಡೆ ರಾಶಿ ಬಿದ್ದ ದಿನ ಮೀನಿನ ಬೆಲೆಗಿಂತ ಅದನ್ನು ಉಳಿಸಲು ಬೇಕಾದ ಉಪ್ಪಿನ ಬೆಲೆಯೇ ಹೆಚ್ಚು. ಹಾಗಾಗಿ ಬಡವರು ಉಪ್ಪುಮಣ್ಣು ಬಳಿದರು, ಸಮುದ್ರದ ನೀರಲ್ಲಿ ಅದ್ದಿ ಮರಳಲ್ಲಿ ಒಣಗಿಸಿದರು. ಉಪ್ಪುಮಣ್ಣು ಕೆರೆದು ತರುವುದಕ್ಕೂ ಸರಕಾರದ ಅಡ್ಡಿ ಇತ್ತು. ಹೀಗೆ ಅರೆಬರೆ ಒಣಗಿದ ಮೀನಿನಲ್ಲಿ ಹುಳ, ನಾತ. ಸಂತೆಯಲ್ಲಿ ಅದಕ್ಕೆ ಸಿಗುವುದು ಕಡುಬಡವರ ದರ.

ಇದನ್ನು ಕಡತದಲ್ಲಿ ಬರೆದಿಟ್ಟವರು ಫ್ರಾನ್ಸಿಸ್ ಡೇ. ಮದರಾಸಿನ ಸೈನ್ಯದಲ್ಲಿ ವೈದ್ಯರಾಗಿದ್ದು ಆಮೇಲೆ ಇಡೀ ಭಾರತದ ಮೀನುಗಳನ್ನು ಪಟ್ಟಿ ಮಾಡಿದ ಮನುಷ್ಯ. 1873ರಲ್ಲಿ ಭಾರತ ಮತ್ತು ಬರ್ಮಾದ ಕಡಲಮೀನುಗಾರಿಕೆಯ ಬಗ್ಗೆ ಅವರು ಕೊಟ್ಟ ವರದಿಯ ಮುಖ್ಯ ಮಾತು ಇದೇ: ಉಪ್ಪು ದುಬಾರಿ ಆಗಿರುವ ತನಕ ಮೀನು ಚೆನ್ನಾಗಿರುವುದಿಲ್ಲ. ಅದೇ ದಶಕದಲ್ಲಿ ಮದರಾಸು ಸರಕಾರ ಪಶ್ಚಿಮ ಕರಾವಳಿಯಲ್ಲಿ ಮೀನು ಉಪ್ಪು ಹಾಕುವ ಯಾರ್ಡುಗಳನ್ನು ತೆರೆಯಲು ಶುರುಮಾಡಿತು. ಬೇಲಿ ಹಾಕಿದ ಜಾಗ, ಒಳಗೆ ತೆರಿಗೆ ಇಲ್ಲದ ಉಪ್ಪು, ಕಾವಲಿಗೆ ಉಪ್ಪಿನ ಇಲಾಖೆಯವರು. ಮೀನನ್ನು ಅಲ್ಲಿಗೇ ತರಬೇಕು, ಅಲ್ಲೇ ಉಪ್ಪು ಹಾಕಬೇಕು, ಒಂದು ಹಿಡಿ ಉಪ್ಪೂ ಬೇಲಿ ದಾಟಬಾರದು.

ಈ ವ್ಯವಸ್ಥೆಯಿಂದ ಒಣಮೀನಿನ ವ್ಯಾಪಾರ ದೊಡ್ಡದಾಯಿತು. ಮಲಬಾರ್ ಮತ್ತು ಕೆನರಾದ ಉಪ್ಪುಮೀನು ಹಡಗಿನಲ್ಲಿ ಸಿಲೋನಿಗೆ ಹೋಗುತ್ತಿತ್ತು, ಅಲ್ಲಿನ ತೋಟದ ಕೂಲಿಗಳ ಅನ್ನದ ಜೊತೆಗೆ. ಘಟ್ಟದ ಮೇಲಿನ ಸಂತೆಗಳಿಗೂ ಹೋಯಿತು. ಆದರೆ ಯಾರ್ಡಿನ ಕಾವಲುಗಾರನ ಕಣ್ಣು ಇದ್ದದ್ದು ಉಪ್ಪಿನ ಮೇಲೆ. ಉಪ್ಪು ಕಳುವಾಗಬಾರದು ಅನ್ನೋದು ಮೊದಲ ಚಿಂತೆ, ಮೀನು ತಾಜಾ ಇತ್ತೇ ಅನ್ನೋದು ಎರಡನೆಯದ್ದು. ದಡದಿಂದ ಯಾರ್ಡಿಗೆ ಹೊತ್ತು ತರುವಷ್ಟರಲ್ಲಿ, ತೂಕ ಮಾಡಿಸಲು ಕಾಯುವಷ್ಟರಲ್ಲಿ ಮೀನು ಬಿಸಿಲಲ್ಲಿ ಬಿದ್ದಿರುತ್ತಿತ್ತು. ಕೆಟ್ಟ ಮೀನಿಗೆ ಒಳ್ಳೆಯ ಉಪ್ಪು ಹಾಕಿದರೂ ಅದು ಕೆಟ್ಟ ಮೀನೇ. ಜೊತೆಗೆ ಯಾರ್ಡಿನ ಒಳಗೆ ಉಪ್ಪು ಪಡೆಯಲು ಟಿಕೇಟು ಬೇಕು. ಮೀನು ಕೊಂಡು, ಉಪ್ಪು ಹಾಕಿ, ತಿಂಗಳುಗಟ್ಟಲೆ ಇಟ್ಟು ಮಾರುವ ತಾಕತ್ತು ದುಡ್ಡಿದ್ದವನಿಗೇ ಹೊರತು ಅವತ್ತಿನ ಗಂಜಿ ಅವತ್ತೇ ನೋಡಿಕೊಳ್ಳುವವನಿಗೆ ಎಲ್ಲಿಂದ ಬರಬೇಕು? ಕಾಯಬಲ್ಲವನಿಗೆ ದರ, ಕಾಯಲಾಗದವನಿಗೆ ಕೂಲಿ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ ಒಬ್ಬ ಅಧಿಕಾರಿ ಫ್ರೆಡರಿಕ್ ನಿಕಲ್ಸನ್. 1890ರ ದಶಕದಲ್ಲಿ ರೈತರ ಸಾಲದ ಬಗ್ಗೆ ವರದಿ ಬರೆದು ನಮ್ಮ ದೇಶದ ಸಹಕಾರ ಚಳವಳಿಗೆ ದಾರಿ ಹಾಕಿಕೊಟ್ಟವರು ಇವರೇ. 1905ರಲ್ಲಿ ಮದರಾಸು ಸರಕಾರ ಅವರನ್ನು ಮೀನುಗಾರಿಕೆಯ ಕೆಲಸಕ್ಕೆ ಹಾಕಿತು. ಅವರು ಜಪಾನಿಗೆ ಹೋಗಿ ಅಲ್ಲಿನ ಸಣ್ಣ ಮೀನುಗಾರರು ತಾವೇ ಹೇಗೆ ಮೀನನ್ನು ಸಂಸ್ಕರಿಸುತ್ತಾರೆ ಅಂತ ನೋಡಿಕೊಂಡು ಬಂದರು. ವಾಪಸ್ ಬಂದು ಮಲಬಾರಿನ ತಾನೂರಿನಲ್ಲಿ ಪ್ರಯೋಗ ಕೇಂದ್ರ ತೆರೆದರು. ಹಿಡಿದವನೇ ಚೊಕ್ಕವಾಗಿ ಉಪ್ಪು ಹಾಕುವುದನ್ನು ಕಲಿತರೆ ದರ ಅವನಿಗೇ ಸಿಗುತ್ತದೆ ಅನ್ನೋದು ಅವರ ಲೆಕ್ಕ.

ಆದರೆ ನಿಕಲ್ಸನ್ ಹೆಚ್ಚು ನೆನಪಾಗುವುದು ಬೂತಾಯಿಯ ಎಣ್ಣೆಯಿಂದ. ಅಲ್ಲಿಯ ತನಕ ರಾಶಿ ಬಿದ್ದ ಬೂತಾಯಿಯನ್ನು ದಡದಲ್ಲಿ ಒಣಗಿಸಿ ತೆಂಗಿನ, ಕಾಫಿಯ ತೋಟಗಳಿಗೆ ಗೊಬ್ಬರ ಮಾಡುತ್ತಿದ್ದರು. ತಾಜಾ ಇರುವಾಗಲೇ ಬೇಯಿಸಿ ಹಿಂಡಿದರೆ ತಿಳಿ ಎಣ್ಣೆ ಒಂದು ಕಡೆ, ಒಳ್ಳೆಯ ಗೊಬ್ಬರ ಇನ್ನೊಂದು ಕಡೆ ಸಿಗುತ್ತದೆ ಅಂತ ಅವರು ತೋರಿಸಿಕೊಟ್ಟರು. ಕೊಳೆಯಿಸಿ ತೆಗೆದ ಕಪ್ಪು ಎಣ್ಣೆಗೂ ಈ ಎಣ್ಣೆಗೂ ಒಂದೇ ದರ ಆಗುವುದಾದರೂ ಹೇಗೆ? ಮುಂದಿನ ಹತ್ತು-ಹದಿನೈದು ವರ್ಷಗಳಲ್ಲಿ ಮಲಬಾರ್, ದಕ್ಷಿಣ ಕನ್ನಡದ ದಡದ ಉದ್ದಕ್ಕೂ ನೂರಾರು ಎಣ್ಣೆ ಕಾರ್ಖಾನೆಗಳು ಎದ್ದವು. ಉಪ್ಪಿನ ತೆರಿಗೆ ಮಾತ್ರ ಹಾಗೇ ಇತ್ತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಉಪ್ಪು ಅಂದರೆ ಅನ್ನಕ್ಕೆ ಹಾಕುವ ಚಿಟಿಕೆ ಅಂತಲೇ ನಮ್ಮ ಕಲ್ಪನೆ. ಕರಾವಳಿಯಲ್ಲಿ ಅದು ಒಂದು ಕಸುಬಿನ ಜೀವ ಆಗಿತ್ತು. ಆ ತೆರಿಗೆ ಪೂರ್ತಿ ಹೋದದ್ದು 1947ರಲ್ಲಿ.

ಐಸಿನ ಕತೆಗೆ ಹೋಗುವ ಮೊದಲು ರಂಪಣಿಯ ಬಗ್ಗೆ ಒಂದು ಮಾತು. ನೂರಾರು ಮೀಟರ್ ಉದ್ದದ ಬಲೆಯನ್ನು ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡು ತುದಿಯನ್ನೂ ದಡದಿಂದ ಹತ್ತಾರು ಮಂದಿ ಎಳೆಯುವುದು ರಂಪಣಿ. ಬಂಗುಡೆಯ ಹಿಂಡು ಬಿತ್ತು ಅಂದರೆ ಊರಿಗೇ ಹಬ್ಬ. ಇದರಲ್ಲಿ ಒಂದು ಜಾಣತನ ಇತ್ತು. ಮೀನು ತುಂಬ ಜಾಸ್ತಿ ಬಿದ್ದರೆ ಎಲ್ಲವನ್ನೂ ಒಂದೇ ಸಲ ಮೇಲೆ ಎಳೆಯುತ್ತಿರಲಿಲ್ಲ. ಬಲೆಯನ್ನು ನೀರಲ್ಲೇ ಕಟ್ಟಿಟ್ಟು, ವ್ಯಾಪಾರಿಗಳು ಬಂದ ಹಾಗೆ ಸ್ವಲ್ಪಸ್ವಲ್ಪವೇ ತೆಗೆಯುತ್ತಿದ್ದರು. ಮೀನು ನೀರಲ್ಲಿ ಜೀವಂತ, ದರವೂ ಜೀವಂತ! ಗಡಿಯಾರ ನಿಲ್ಲಿಸುವ ಸಾಧನ ಮೀನುಗಾರರ ಕೈಯಲ್ಲೇ ಇದ್ದ ಒಂದು ಉದಾಹರಣೆ ನಮ್ಮ ಕರಾವಳಿಯಲ್ಲಿ ಇದ್ದರೆ ಅದು ಇದೇ.

ಐಸು ದೊಡ್ಡ ಮಟ್ಟದಲ್ಲಿ ಬಂದದ್ದು ಸ್ವಾತಂತ್ರ್ಯದ ನಂತರ. 1952ರಲ್ಲಿ ಭಾರತ ಮತ್ತು ನಾರ್ವೆ ಒಪ್ಪಂದ ಮಾಡಿಕೊಂಡು ಕೇರಳದ ನೀಂಡಕರದಲ್ಲಿ ಒಂದು ಯೋಜನೆ ಶುರುಮಾಡಿದವು. ಯಂತ್ರದ ದೋಣಿ, ಐಸ್ ಪ್ಲಾಂಟು, ಮೀನು ಹೆಪ್ಪುಗಟ್ಟಿಸುವ ಘಟಕ. 1960ರ ದಶಕದಲ್ಲಿ ಈ ಯೋಜನೆಯ ಒಂದು ಶಾಖೆ ನಮ್ಮ ಕಾರವಾರಕ್ಕೂ ಬಂತು. ನಾರ್ವೆಯವರ ಮೂಲ ಆಸೆ ಊರಿನ ಬಡವರಿಗೆ ತಾಜಾ ಮೀನು ತಲುಪಿಸುವುದು. ಆದದ್ದು ಬೇರೆ. 1953ರಲ್ಲಿ ಕೊಚ್ಚಿಯಿಂದ ಅಮೆರಿಕಕ್ಕೆ ಹೆಪ್ಪುಗಟ್ಟಿಸಿದ ಸಿಗಡಿ ಹೋಯಿತು. ಅಲ್ಲಿಯ ತನಕ ನಮ್ಮ ಸಿಗಡಿ ಒಣಗಿ ಬರ್ಮಾದ ಕಡೆ ಹೋಗುತ್ತಿದ್ದ ಅಗ್ಗದ ಸಾಮಾನು. ಐಸಿನಲ್ಲಿ ಇಟ್ಟ, ತಲೆ ತೆಗೆದ, ಹೆಪ್ಪುಗಟ್ಟಿಸಿದ ಅದೇ ಸಿಗಡಿ ಡಾಲರ್ ತರುತ್ತದೆ ಅಂತ ಗೊತ್ತಾದ ಮೇಲೆ ಕೇಳಬೇಕೇ? ಟ್ರಾಲ್ ಬೋಟುಗಳು ಹೆಚ್ಚಿದವು, ಮಂಗಳೂರು, ಮಲ್ಪೆಯಲ್ಲಿ ಐಸ್ ಪ್ಲಾಂಟುಗಳು ಎದ್ದವು.

ಮಾತಿನ ಭಾಷೆಯೂ ಬದಲಾಯಿತು. ಸಿಗಡಿ ವ್ಯಾಪಾರದಲ್ಲಿ ಈಗಲೂ ಕೇಳುವ ಪ್ರಶ್ನೆ "ಕೌಂಟ್ ಎಷ್ಟು?" ಅಂತ. ಒಂದು ಪೌಂಡಿಗೆ ಅಥವಾ ಕಿಲೋಗೆ ಎಷ್ಟು ಸಿಗಡಿ ತೂಗುತ್ತದೆ ಅನ್ನೋದು ಕೌಂಟ್. ಸಂಖ್ಯೆ ಕಡಿಮೆ ಆದಷ್ಟೂ ಸಿಗಡಿ ದೊಡ್ಡದು, ದರ ಜಾಸ್ತಿ. ತಲೆ ಕಪ್ಪಾಗಿದ್ದರೆ, ಚಿಪ್ಪು ಸಡಿಲಾಗಿದ್ದರೆ ದರ ಕಡಿತ. ದಡದಲ್ಲಿ ನಿಂತ ಹೆಂಗಸಿನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಈಗ ಏಳು ಸಮುದ್ರದಾಚೆಯ ಕೊಳ್ಳುವವನ ಪಟ್ಟಿ ಮಾಡಲು ಶುರುಮಾಡಿತು. ಒಂದೇ ಬಲೆಯಲ್ಲಿ ಬಿದ್ದ ಸಿಗಡಿ ನಾಲ್ಕೈದು ದರದ ಸಾಮಾನಾಗಿ ಒಡೆದುಹೋಯಿತು.

ನಮ್ಮ ಮೀನಿಗೆ ಐಸಿನ ಉಪಕಾರ ದೊಡ್ಡದು. ಬೆಚ್ಚಗಿನ ನೀರಿನ ಮೀನಿನ ಮೇಲಿರುವ ಬ್ಯಾಕ್ಟೀರಿಯಾಗಳಿಗೆ ಚಳಿ ಅಭ್ಯಾಸ ಇಲ್ಲ. ಹಾಗಾಗಿ ಐಸಿನಲ್ಲಿಟ್ಟರೆ ಸಾಮಾನ್ಯವಾಗಿ ಚಳಿ ದೇಶದ ಮೀನಿಗಿಂತ ನಮ್ಮ ಮೀನು ಹೆಚ್ಚು ದಿನ ಬಾಳುತ್ತದೆ. ಆದರೆ ಸರಿಯಾಗಿ ಹಾಕಬೇಕು: ಕಿಲೋ ಮೀನಿಗೆ ಹೆಚ್ಚುಕಡಿಮೆ ಕಿಲೋ ಐಸು. ಅದಕ್ಕೆ ದುಡ್ಡು ಬೇಕು, ಬೋಟಿನ ಹೊಟ್ಟೆಯಲ್ಲಿ ಜಾಗ ಬೇಕು. ಐಸಿನಿಂದಲೇ ಮೀನು ಆಗುಂಬೆ, ಶಿರಾಡಿ ಹತ್ತಿ ಶಿವಮೊಗ್ಗ, ಹಾಸನ, ಬೆಂಗಳೂರು ತಲುಪಿತು. ಕರಾವಳಿಯ ಹೆದ್ದಾರಿಯಲ್ಲಿ ಮೀನಿನ ಲಾರಿಯ ಹಿಂದೆ ಸ್ಕೂಟರಿನಲ್ಲಿ ಹೋದವರಿಗೆ ರಸ್ತೆಗೆ ಸುರಿಯುವ ಆ ನೀರಿನ ಪರಿಚಯ ಇದ್ದೇ ಇರುತ್ತದೆ. ನಾವು ಬೈಯುವುದು ನಾತಕ್ಕೆ. ವ್ಯಾಪಾರಿಯ ಲೆಕ್ಕದಲ್ಲಿ ಕರಗಿ ಹರಿಯುತ್ತಿರುವುದು ಅವನ ದರ.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ ಬಂಗುಡೆ, ಬೂತಾಯಿಯ ಹಿಂಡನ್ನು ಕಡಲಲ್ಲೇ ಸುತ್ತುವರಿದು ಎತ್ತಿಬಿಡುವ ಬಲೆ. ರಂಪಣಿಯವರು ವಿರೋಧಿಸಿದರು, ಗಲಾಟೆಗಳಾದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಹೆಚ್ಚುಕಡಿಮೆ ಮುಗಿದೇ ಹೋಯಿತು. ಈಗ ಉಳಿದಿರುವುದು ಕೈರಂಪಣಿ. ಎಷ್ಟು ಮೀನು ಯಾರಿಗೆ ಸಿಕ್ಕಿತು ಅನ್ನೋ ಜಗಳದ ಬಗ್ಗೆ ಬೇಕಾದಷ್ಟು ಮಾತಾಡಿದ್ದಾರೆ. ನನಗೆ ಕಾಣುವ ಇನ್ನೊಂದು ನಷ್ಟ ಏನೆಂದರೆ, ನೀರಲ್ಲೇ ಕಾಯಿಸಿಟ್ಟು ಮಾರುವ ಉಪಾಯವೂ ರಂಪಣಿಯ ಜೊತೆಗೇ ಹೋಯಿತು. ಪರ್ಸೀನ್ ಮೀನು ದಕ್ಕೆಗೆ ಬಂದರೆ ಟನ್‌ಗಟ್ಟಲೆ, ಅದೂ ಎಲ್ಲ ಬೋಟುಗಳದ್ದೂ ಒಂದೇ ಹೊತ್ತಿಗೆ. ಅಷ್ಟಕ್ಕೂ ಐಸ್ ಹಾಕುವುದು ಯಾರಿಂದ ಸಾಧ್ಯ? ಉಳಿದದ್ದು, ಹೊಟ್ಟೆ ಒಡೆದದ್ದು ಫಿಶ್‌ಮಿಲ್ಲಿಗೆ. ಅಲ್ಲಿ ಅದು ಕೋಳಿಯ, ಸಿಗಡಿಯ ಆಹಾರಕ್ಕೆ ಪುಡಿಯಾಗುತ್ತದೆ. ಮನುಷ್ಯ ತಿನ್ನಬೇಕಾದ ಬೂತಾಯಿ ಕೆಲವು ಗಂಟೆಗಳ ಅಂತರದಲ್ಲಿ ಕೋಳಿಯ ಆಹಾರದ ದರಕ್ಕೆ ಇಳಿಯುತ್ತದೆ. ಒಂದು ನೂರು ವರ್ಷದ ಹಿಂದೆ ತೆಂಗಿನ ತೋಟ ಮಾಡುತ್ತಿದ್ದ ಕೆಲಸವನ್ನು ಇವತ್ತು ಫಿಶ್‌ಮಿಲ್ ಮಾಡುತ್ತಿದೆ.

ದಕ್ಕೆಯ ಏಲಂ ನೋಡಿದವರಿಗೆ ಇನ್ನೊಂದು ಗೊತ್ತಿರುತ್ತದೆ. ಹತ್ತು ದಿನ ಕಡಲಲ್ಲಿದ್ದು ಬಂದ ಬೋಟಿನ ಎಲ್ಲ ಮೀನೂ ಒಂದೇ ತರ ಇರುವುದಿಲ್ಲ. ಕೊನೆಯ ದಿನದ ಬಲೆಯದ್ದು ಮೇಲಿರುತ್ತದೆ, ಮೊದಲ ದಿನದ್ದು ಅಡಿಯಲ್ಲಿ ಜಜ್ಜಿಹೋಗಿರುತ್ತದೆ. ಅಂಜಲ್, ಮಾಂಜಿಯಂಥ ದುಬಾರಿ ಮೀನನ್ನು ಒಂದೊಂದಾಗಿ ನೋಡಿ ದರ ಕಟ್ಟುತ್ತಾರೆ. ರಾಶಿಮೀನಿಗೆ ಅಷ್ಟು ಪುರುಸೊತ್ತಿಲ್ಲ. ಕೊಳ್ಳುವವನು ಮೇಲಿನ ನಾಲ್ಕು ಮೀನು ನೋಡುತ್ತಾನೆ, ಅಡಿಯದ್ದು ಕೆಟ್ಟಿರಬಹುದು ಅಂತ ಲೆಕ್ಕ ಹಾಕಿ ನಡುವಿನ ದರ ಕೂಗುತ್ತಾನೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಮಾರಾಟದ ಉದಾಹರಣೆ ಇಟ್ಟುಕೊಂಡು ಇದನ್ನೇ ವಿವರಿಸಿದರು: ಕೊಳ್ಳುವವನಿಗೆ ಒಳ್ಳೆಯದ್ದು ಯಾವುದು, ಕೆಟ್ಟದ್ದು ಯಾವುದು ಅಂತ ಗೊತ್ತಾಗದಿದ್ದರೆ ಅವನು ಎರಡಕ್ಕೂ ಸರಾಸರಿ ದರ ಕೊಡುತ್ತಾನೆ. ಆಗ ಒಳ್ಳೆಯ ಮಾಲು ಇಟ್ಟವನಿಗೆ ನಷ್ಟ, ಕೆಟ್ಟ ಮಾಲಿನವನಿಗೆ ಲಾಭ. ನಿಧಾನಕ್ಕೆ ಒಳ್ಳೆಯದು ಮಾರುಕಟ್ಟೆಯಿಂದಲೇ ಜಾಗ ಖಾಲಿ ಮಾಡುತ್ತದೆ. ಎಲ್ಲರಿಗೂ ಒಂದೇ ದರ ಅಂದ ಮೇಲೆ ದುಡ್ಡು ಸುರಿದು ಐಸ್ ಹಾಕುವ ಬೋಟಿನವನು ಮುಂದಿನ ಸಲ ಯಾಕೆ ಹಾಕುತ್ತಾನೆ ಹೇಳಿ?

ಗಡಿಯಾರದ ಕಾಟವನ್ನು ಸ್ವಲ್ಪ ಮಟ್ಟಿಗೆ ಕಡಿಮೆ ಮಾಡಿದ ಇನ್ನೊಂದು ಸಾಧನ ಮೊಬೈಲ್ ಫೋನು. ರಾಬರ್ಟ್ ಜೆನ್ಸನ್ ಅನ್ನೋ ಅರ್ಥಶಾಸ್ತ್ರಜ್ಞ ನಮ್ಮ ಪಕ್ಕದ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಜಿಲ್ಲೆಗಳ ಬೂತಾಯಿ ವ್ಯಾಪಾರವನ್ನು 1996ರಿಂದ 2001ರ ತನಕ ವಾರವಾರವೂ ಗಮನಿಸಿ 2007ರಲ್ಲಿ ಪ್ರಬಂಧ ಪ್ರಕಟಿಸಿದರು. ಫೋನು ಬರುವ ಮೊದಲು ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಎಸೆಯುತ್ತಿದ್ದ ದಿನವೇ ಕೆಲವು ಮೈಲಿ ಆಚೆ ಕೊಳ್ಳುವವರು ಮೀನಿಲ್ಲದೆ ವಾಪಸ್ ಹೋಗುತ್ತಿದ್ದರು. ಹಿಡಿದ ಬೂತಾಯಿಯಲ್ಲಿ ಶೇಕಡಾ 5ರಿಂದ 8ರಷ್ಟು ಹೀಗೇ ಹಾಳು. ಕಡಲಲ್ಲಿದ್ದಾಗಲೇ ದಡಕ್ಕೆ ಫೋನು ಮಾಡಲು ಶುರುಮಾಡಿದ ಮೇಲೆ ಆ ನಷ್ಟ ಹೆಚ್ಚುಕಡಿಮೆ ನಿಂತಿತು. ಮೀನುಗಾರರ ಲಾಭ ಸುಮಾರು ಶೇಕಡಾ 8 ಏರಿತು, ತಿನ್ನುವವರಿಗೆ ದರ ಸುಮಾರು ಶೇಕಡಾ 4 ಇಳಿಯಿತು. ಇಬ್ಬರಿಗೂ ಲಾಭ. ಸಾಧನ ಹಿಡಿದವನ ಕೈಯಲ್ಲೇ ಇದ್ದರೆ ಲೆಕ್ಕ ಹೇಗೆ ತಿರುಗುತ್ತದೆ ಅನ್ನೋದಕ್ಕೆ ಇದು ರಂಪಣಿಯ ನಂತರದ ಎರಡನೇ ಉದಾಹರಣೆ.

ಫೋನು ಬಂದ ಅದೇ 1997ರಲ್ಲಿ ಮೂರನೆಯ ಕಾಲ ಶುರುವಾಯಿತು: ಕಾಗದದ ಕಾಲ. ಆ ವರ್ಷ ಆಗಸ್ಟ್‌ನಲ್ಲಿ ಯುರೋಪಿಯನ್ ಒಕ್ಕೂಟ ಭಾರತದ ಮೀನನ್ನೇ ನಿಷೇಧಿಸಿತು. ನಮ್ಮ ಸಂಸ್ಕರಣಾ ಘಟಕಗಳ ಶುಚಿತ್ವ ಸಾಲದು ಅನ್ನೋದು ಅವರ ತಕರಾರು. ವರ್ಷದ ಕೊನೆಗೆ, ಪರೀಕ್ಷೆಯಲ್ಲಿ ಪಾಸಾದ ಘಟಕಗಳ ಪಟ್ಟಿ ಮಾಡಿ ಅವರಿಗೆ ಮಾತ್ರ ಬಾಗಿಲು ತೆಗೆದರು. ಅದೇ ಡಿಸೆಂಬರ್‌ನಲ್ಲಿ ಅಮೆರಿಕವೂ ಹ್ಯಾಸಪ್ ಅನ್ನೋ ಪದ್ಧತಿಯನ್ನು ಕಡ್ಡಾಯ ಮಾಡಿತು. ಮೀನು ಎಲ್ಲೆಲ್ಲಿ ಕೆಡಬಹುದು ಅಂತ ಮೊದಲೇ ಗುರುತಿಸಿ, ಪ್ರತಿ ಹಂತದಲ್ಲೂ ಉಷ್ಣತೆ ಅಳೆದು ಬರೆದಿಡುವ ಪದ್ಧತಿ ಅದು. ಹಾಗಂತ ಮೊದಲು ನಮ್ಮಲ್ಲಿ ತಪಾಸಣೆಯೇ ಇರಲಿಲ್ಲ ಅಂತಲ್ಲ. ರಫ್ತಾಗುವ ಸಿಗಡಿಯ ತಪಾಸಣೆ 1960ರ ದಶಕದಿಂದಲೂ ಇತ್ತು. ಆದರೆ ಅಲ್ಲಿಯ ತನಕ ನೋಡುತ್ತಿದ್ದದ್ದು ಡಬ್ಬಿಯೊಳಗಿನ ಮೀನನ್ನು. ಈಗ ನೋಡಲು ಶುರುಮಾಡಿದ್ದು ಮೀನು ಕ್ರಮಿಸಿದ ದಾರಿಯನ್ನು.

ಇದರಿಂದ ಒಳ್ಳೆಯದೂ ಆಯಿತು, ಅದನ್ನು ಮರೆಯಬಾರದು. ಘಟಕಗಳಿಗೆ ಶುದ್ಧ ನೀರು, ಒಳ್ಳೆಯ ಐಸು, ಟೈಲ್ಸ್ ಹಾಕಿದ ಗೋಡೆ, ಕೆಲಸದವರಿಗೆ ಗವಸು, ಟೊಪ್ಪಿ ಬಂದವು. ಆದರೆ ಇದಕ್ಕೆಲ್ಲ ಹಣ ಬೇಕು. ಇದ್ದವರು ಹಾಕಿದರು, ಪಟ್ಟಿ ಸೇರಿದರು. ಅಲ್ಲಿಯ ತನಕ ಸಿಗಡಿ ಸುಲಿಯುವ ಕೆಲಸ ಊರೂರಿನ ಸಣ್ಣ ಶೆಡ್ಡುಗಳಲ್ಲಿ ನಡೆಯುತ್ತಿತ್ತು. ಕುಕ್ಕರುಗಾಲಲ್ಲಿ ಕೂತು ಸುಲಿಯುತ್ತಿದ್ದವರು ಬಹುಪಾಲು ಹೆಂಗಸರು. ಪಟ್ಟಿಯಲ್ಲಿರುವ ಘಟಕ ಆ ಶೆಡ್ಡಿನ ಮಾಲು ತೆಗೆದುಕೊಳ್ಳುವ ಹಾಗಿಲ್ಲ ಅಂದಾಗ ಕೆಲಸ ಘಟಕದ ಒಳಗೆ ಸರಿಯಿತು, ಎಷ್ಟೋ ಶೆಡ್ಡುಗಳಿಗೆ ಬೀಗ ಬಿತ್ತು. ಕಾಗದ ಇದ್ದ ಘಟಕಕ್ಕೆ ಯುರೋಪಿನ ದರ. ಆ ಘಟಕಕ್ಕೆ ಮೀನು ಕೊಡುವ ಬೋಟಿಗೆ ಸಿಗುವುದು ಅದೇ ಹಳೆಯ ಏಲಂ ದರ. ಬೋಟಿನವರು ದಲ್ಲಾಳಿಯ ಹತ್ತಿರ ಡೀಸೆಲ್ಲಿಗೆ, ಐಸಿಗೆ ಮುಂಗಡ ತೆಗೆದುಕೊಂಡಿದ್ದರಂತೂ ದರದ ಮಾತೆತ್ತುವ ಪ್ರಶ್ನೆಯೇ ಇಲ್ಲ. ಯಾರ್ಡಿನ ಟಿಕೇಟಿನ ಕತೆ ಬೇರೆ ವೇಷದಲ್ಲಿ ಮತ್ತೆ ಬಂತು.

ಊರಿನ ಮಾರ್ಕೆಟ್ಟಿಗೆ ಈ ಕಾಗದ ಇವತ್ತಿಗೂ ಬಂದಿಲ್ಲ. ಅದರ ಬಿಸಿ ತಟ್ಟಿದ್ದು 2018ರಲ್ಲಿ. ಹೊರರಾಜ್ಯದಿಂದ ಬಂದ ಮೀನಿನಲ್ಲಿ ಫಾರ್ಮಲಿನ್ ಇದೆ ಅಂತ ಕೇರಳದಲ್ಲಿ ಲೋಡುಗಟ್ಟಲೆ ಮೀನು ಹಿಡಿದರು. ಜುಲೈನಲ್ಲಿ ಗೋವಾ ಸರಕಾರ ಹೊರಗಿನ ಮೀನಿಗೆ ಕೆಲವು ದಿನ ಬಾಗಿಲು ಹಾಕಿತು. ಫಾರ್ಮಲಿನ್ ಹೆಣ ಕೆಡದಂತೆ ಇಡಲು ಬಳಸುವ ರಾಸಾಯನಿಕ. ಮೀನಿಗೆ ಹಾಕಿದರೆ ಮಾಂಸ ಗಟ್ಟಿಯಾಗಿಯೇ ಇರುತ್ತದೆ, ವಾಸನೆ ಬರುವುದಿಲ್ಲ. ಅಂದರೆ ನಮ್ಮ ಬೆರಳಿಗೂ ಮೂಗಿಗೂ ಮೋಸ. ಶತಮಾನಗಳಿಂದ ಪಳಗಿದ ಕಣ್ಣಿನ ಪರೀಕ್ಷೆ ಮೊದಲ ಸಲ ಸೋತದ್ದು ಇಲ್ಲಿ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದೇ ವರ್ಷ ಜನವರಿಯಲ್ಲಿ ಬಿಡುಗಡೆ ಮಾಡಿದ್ದ ಸಣ್ಣ ಕಾಗದದ ಪಟ್ಟಿ ಆಗ ಕೆಲಸಕ್ಕೆ ಬಂತು. ಮೀನಿಗೆ ಉಜ್ಜಿ, ಮೇಲೆ ಹನಿ ಹಾಕಿದರೆ ಬಣ್ಣ ಹೇಳುತ್ತದೆ.

ಆ ದಿನಗಳಲ್ಲಿ ನಾನು ಗಮನಿಸಿದ್ದು ಒಂದೇ. ಜನ ಲಾರಿಯ ಮೀನನ್ನು ಬಿಟ್ಟು ದಡದ ಮೀನು ಕೊಳ್ಳಲಿಲ್ಲ. ಮೀನು ಕೊಳ್ಳುವುದನ್ನೇ ಬಿಟ್ಟರು. ಬೆಳಿಗ್ಗೆ ಕೈರಂಪಣಿಗೆ ಬಿದ್ದ, ಇನ್ನೂ ಮಿಡಿಯುತ್ತಿದ್ದ ಮೀನು ಇಟ್ಟುಕೊಂಡು ಕೂತವಳನ್ನೂ ಅನುಮಾನದಿಂದ ನೋಡಿದರು. ಎಲ್ಲಿಯೋ ಯಾರೋ ದೂರದ ದರದ ಆಸೆಗೆ ಮಾಡಿದ ಮೋಸದ ಬಿಲ್ಲು ಇವಳ ಬುಟ್ಟಿಗೆ ಬಂತು. ಅಕರ್ಲಾಫ್ ಕಾರಿನ ಬಗ್ಗೆ ಹೇಳಿದ್ದು ನಮ್ಮ ಮಾರ್ಕೆಟ್ಟಿನಲ್ಲಿ ಅಕ್ಷರಶಃ ನಡೆಯಿತು.

ಹಾಗಾದರೆ ಒಳ್ಳೆಯ ಮೀನಿಗೆ ಒಳ್ಳೆಯ ದರ ಅನ್ನೋದು ಸುಳ್ಳೇ? ಸುಳ್ಳಲ್ಲ. ನಾವೂ ಕೊಡಲು ತಯಾರಿದ್ದೇವೆ. ಕೊಟ್ಟ ಹೆಚ್ಚಿನ ದರ ದಾರಿಯಲ್ಲಿ ಎಲ್ಲಿ ಇಳಿದುಹೋಗುತ್ತದೆ ಅನ್ನೋದು ಪ್ರಶ್ನೆ. ಮೀನನ್ನು ಚೆನ್ನಾಗಿ ಇಡುವ ಕೆಲಸ ಶುರುವಾಗುವುದು ಬಲೆ ಎತ್ತಿದ ಕ್ಷಣದಲ್ಲಿ. ಅಲ್ಲಿ ತಪ್ಪಿದ್ದನ್ನು ಮುಂದೆ ಯಾವ ಘಟಕವೂ, ಯಾವ ಕಾಗದವೂ ಸರಿಮಾಡಲಾರದು. ಆ ಕೆಲಸ ಮಾಡುವವನು ಬೋಟಿನ ಕೂಲಿ. ಅವನಿಗೆ ಅದರಿಂದ ಏನೂ ಹೆಚ್ಚು ಸಿಗುವುದಿಲ್ಲ ಅಂದ ಮೇಲೆ ಅವನಾದರೂ ಯಾಕೆ ಮೈಮುರಿದು ಐಸ್ ಹರಡುತ್ತಾನೆ?

ದೊಡ್ಡ ಯೋಜನೆಗಳೇ ಬೇಕಾಗಿಲ್ಲ. ದಕ್ಕೆಯಲ್ಲಿ ದಿನದ ಮೀನು, ಹತ್ತು ದಿನದ ಮೀನು ಬೇರೆಬೇರೆ ಏಲಂ ಆಗಲಿ. ಐಸ್ ಸರಿಯಾಗಿ ಹಾಕಿದ ಬೋಟಿಗೆ ಎರಡು ರೂಪಾಯಿ ಹೆಚ್ಚು ಕೂಗುವ ವ್ಯಾಪಾರಿ ಇರಲಿ. ಬಸ್‌ಸ್ಟ್ಯಾಂಡಿನ ಪಕ್ಕ, ಬಿಸಿಲಲ್ಲಿ ಪ್ಲಾಸ್ಟಿಕ್ ಹಾಸಿ ಮೀನು ಮಾರುವ ಹೆಂಗಸರಿಗೆ ನೆರಳು, ನಲ್ಲಿ ನೀರು, ಒಂದು ಐಸ್ ಪೆಟ್ಟಿಗೆ ಇಷ್ಟನ್ನು ಪಂಚಾಯಿತಿ ಕೊಡಲಿ. ಉಪ್ಪನ್ನು ಬೇಲಿಯೊಳಗೆ ಇಟ್ಟ ಸರಕಾರ ಹೋಗಿ ಎಷ್ಟೋ ವರ್ಷ ಆಯಿತು. ಐಸ್ ಪೆಟ್ಟಿಗೆಗೆ ಟಿಕೇಟು ಕೇಳುವವರು ಈಗ ಯಾರೂ ಇರಬಾರದು.